ವಿ-ಕ್ರಾಸ್ ಪಿಕಪ್‌ಗೆ ಸಸ್ಪೆನ್ಷನ್ ಲಿಫ್ಟ್ ಹಾಕಿಸುವುದಾದರೆ ಎಷ್ಟು ಎತ್ತರ, ಯಾವ ಬಗೆ?

ತಮ್ಮ ಪ್ರಶ್ನೆಯ ಸಾರ ಇಷ್ಟು: 2019ರ ಇಸುಜು ವಿ-ಕ್ರಾಸ್ ಇದೆ, ಸಕಲೇಶಪುರದ ಕಡೆ ಕಾಫಿ ತೋಟವಿದೆ, ಡಾಂಬರು ರಸ್ತೆಯಿಂದ ಮನೆಯವರೆಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿ, ಮಳೆಗಾಲದಲ್ಲಿ ಗಾಡಿಯ ಅಡಿ ತಾಗುತ್ತದೆ, ಗಾಡಿಯನ್ನು ಎತ್ತರಿಸಲು ಎರಡು ಇಂಚಿನ ಸ್ಪೇಸರ್, ಅಂದರೆ ಸ್ಪ್ರಿಂಗಿನ ನೆತ್ತಿಯ ಮೇಲೆ ಕೂರಿಸುವ ಬಿಲ್ಲೆ, ಸಾಕೇ, ಅಥವಾ ನಾಲ್ಕು ಇಂಚಿನ ಕಿಟ್ ಹಾಕಿಸಬೇಕೇ ಎಂದು ಕೇಳಿದ್ದೀರಿ. ನಾನು ಇದೇ ಗಾಡಿಯನ್ನು ಆರು ವರ್ಷಗಳಿಂದ ಮೂಡಿಗೆರೆಯ ಕಡೆ ಓಡಿಸುತ್ತಿದ್ದೇನೆ. ಸ್ಪೇಸರ್ ಹಾಕಿಸಿ ಪಟ್ಟ ಪಾಡೂ ಗೊತ್ತು, ಅದನ್ನು ತೆಗೆಸಿ ಸ್ಪ್ರಿಂಗುಗಳನ್ನೇ ಬದಲಾಯಿಸಿದ ಮೇಲಿನ ನೆಮ್ಮದಿಯೂ ಗೊತ್ತು. ಹೀಗಾಗಿ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಾಲ್ಕು ಇಂಚು ಬೇಡ, ಸ್ಪೇಸರೂ ಬೇಡ. ಲಿಫ್ಟ್ ಬೇಕೇಬೇಕು ಎಂದಾದರೆ ಗಾಡಿಯ ನಿಜವಾದ ಭಾರಕ್ಕೆ ಹೊಂದುವ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿಯನ್ನು 40ರಿಂದ 50 ಮಿಲಿಮೀಟರ್ ಮಿತಿಯೊಳಗೆ ಆರಿಸಿ.

ಆದರೆ ಅದಕ್ಕೂ ಮೊದಲು ದಾರಿಯಲ್ಲಿ ತಾಗುತ್ತಿರುವುದು ಯಾವ ಭಾಗ ಎಂಬುದನ್ನು ಬಗ್ಗಿ ನೋಡಬೇಕು. ಲಿಫ್ಟ್ ಹಾಕಿಸಿದವರಲ್ಲಿ ಹೆಚ್ಚಿನವರು ಈ ಕೆಲಸ ಮಾಡಿರುವುದಿಲ್ಲ, ನಾನೂ ಮಾಡಿರಲಿಲ್ಲ. ವಿ-ಕ್ರಾಸ್‌ನ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು, ಅದರ ನಡುವೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಗುಂಡನೆಯ ಹೊಟ್ಟೆ ಇರುತ್ತದೆ. ಸ್ಪ್ರಿಂಗ್ ಬದಲಾಯಿಸಿದಾಗ ಏರುವುದು ಚಾಸಿ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟು, ಮತ್ತು ಅದರ ಮೇಲಿನ ಬಾಡಿ ಮಾತ್ರ. ಚಕ್ರಗಳಿಗೆ ಕಟ್ಟಿಕೊಂಡಿರುವ ಆಕ್ಸಲ್ ನೆಲದಿಂದ ಎಷ್ಟಿತ್ತೋ ಅಷ್ಟೇ ಇರುತ್ತದೆ, ಎಂಟು ಇಂಚು ಲಿಫ್ಟ್ ಮಾಡಿಸಿದರೂ ಕೂದಲೆಳೆಯಷ್ಟೂ ಏರುವುದಿಲ್ಲ. ಅದನ್ನು ಮೇಲೆತ್ತುವುದು ದೊಡ್ಡ ಟೈರು ಮಾತ್ರ. ದಾರಿಯ ನಡುವಿನ ದಿಬ್ಬಕ್ಕೆ ಈ ಹೊಟ್ಟೆಯೇ ತಾಗುತ್ತಿದ್ದರೆ ಲಿಫ್ಟ್ ಕಿಟ್‌ಗೆ ಹಾಕಿದ ದುಡ್ಡು ದಂಡ. ಬದಲಿಗೆ ಮುಂದಿನ ಬಂಪರಿನ ಕೆಳತುಟಿ, ಎಂಜಿನ್ ಕೆಳಗಿನ ತಗಡು ಅಥವಾ ಪಕ್ಕದ ಫುಟ್‌ಬೋರ್ಡ್ ತಾಗುತ್ತಿದ್ದರೆ ಲಿಫ್ಟ್‌ನಿಂದ ಉಪಯೋಗವಿದೆ. ನನ್ನ ಗಾಡಿಯಲ್ಲಿ ತಾಗುತ್ತಿದ್ದುದರಲ್ಲಿ ಅರ್ಧದಷ್ಟು ಆ ಫುಟ್‌ಬೋರ್ಡೇ ಆಗಿತ್ತು. ಅದನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ಇಟ್ಟಿದ್ದಕ್ಕೆ ನನಗೆ ಖರ್ಚಾದದ್ದು ಅರ್ಧ ಗಂಟೆ ಮಾತ್ರ. ಗಾಡಿ ಹತ್ತುವಾಗ ನಮ್ಮ ತಾಯಿಯವರ ಬೈಗುಳ ಇವತ್ತಿಗೂ ನಿಂತಿಲ್ಲ, ಅದು ಬೇರೆ ಮಾತು.

ಟೈರಿನ ಲೆಕ್ಕವನ್ನೂ ಇಲ್ಲೇ ಹೇಳುತ್ತೇನೆ. ನಿಮ್ಮ ಗಾಡಿಗೆ 255/60 ಆರ್18 ಅಳತೆಯ ಟೈರು ಇದ್ದರೆ ಅದರ ವ್ಯಾಸ ಸುಮಾರು 763 ಮಿ.ಮೀ. ಅದೇ ರಿಮ್‌ಗೆ 265/60 ಹಾಕಿದರೆ 775 ಮಿ.ಮೀ. ಆಗುತ್ತದೆ, ಅಂದರೆ ಆಕ್ಸಲ್ ಏರುವುದು ಆರೇ ಮಿಲಿಮೀಟರ್. 265/65 ಹಾಕಿದರೆ ವ್ಯಾಸ 802 ಮಿ.ಮೀ. ಆಗಿ ಆಕ್ಸಲ್ ಹತ್ತೊಂಬತ್ತು ಮಿಲಿಮೀಟರಿನಷ್ಟು ಮೇಲೇರುತ್ತದೆ. ಕಾಗದದ ಮೇಲೆ ಇದು ಅಲ್ಪವೆನಿಸಿದರೂ ಕೊರಕಲು ಬಿದ್ದ ದಾರಿಯಲ್ಲಿ ಅಷ್ಟೇ ಅಂತರ ಗಾಡಿಯನ್ನು ದಾಟಿಸುತ್ತದೆ. ಆದರೆ ಈ ಟೈರು ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಚಕ್ರದ ಮನೆಯ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುವ ಸಾಧ್ಯತೆ ಇದೆ, ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ನಿಜವಾಗಿ 84ರಲ್ಲಿ ಓಡುತ್ತಿರುತ್ತದೆ, ಏರಿನಲ್ಲಿ ಎಳೆತವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಟೈರಿಗೆ ಜಾಗ ಮಾಡಿಕೊಡುವುದೇ ಸಣ್ಣ ಲಿಫ್ಟ್‌ನ ಮುಖ್ಯ ಉಪಯೋಗ ಎಂದು ನಾನು ತಿಳಿದಿದ್ದೇನೆ. ಕೆಸರಿನಲ್ಲಿ ಮಾತ್ರ ಎತ್ತರಕ್ಕಿಂತ ಟೈರಿನ ಹಲ್ಲೇ ಮುಖ್ಯ. ಹೆದ್ದಾರಿಗೆಂದು ಮಾಡಿದ ನುಣುಪು ಟೈರಿನಲ್ಲಿ ಎಷ್ಟು ಎತ್ತರದ ಗಾಡಿಯಾದರೂ ಜಾರುತ್ತದೆ.

ಈಗ ಸ್ಪೇಸರ್ ವಿಚಾರ. ವಿ-ಕ್ರಾಸ್‌ನ ಮುಂಭಾಗದಲ್ಲಿ ಎರಡು ವಿಶ್‌ಬೋನ್ ತೋಳುಗಳ ನಡುವೆ ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದರೊಳಗೊಂದು ಕೂತಿರುತ್ತವೆ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್‌ನದೂ ಇದೇ ವಿನ್ಯಾಸ, ಹಾಗಾಗಿ ಅದರ ಮಾಲೀಕರಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಸ್ಪೇಸರ್ ಎಂದರೆ ಈ ಜೋಡಿಯ ನೆತ್ತಿಯ ಮೇಲೆ, ಚಾಸಿಗೆ ಬೋಲ್ಟ್ ಆಗುವ ಜಾಗದಲ್ಲಿ ಕೂರಿಸುವ ಲೋಹದ ಒಂದು ಬಿಲ್ಲೆ. ಶಾಕ್ ಅಬ್ಸಾರ್ಬರ್‌ನ ಕಾಲು ಕೆಳಗಿನ ತೋಳಿನ ತುದಿಯಲ್ಲಿರದೆ ನಡುವೆ ಎಲ್ಲೋ ಇರುವುದರಿಂದ, ಬಿಲ್ಲೆಯ ದಪ್ಪಕ್ಕಿಂತ ಚಕ್ರದ ಬಳಿ ಸಿಗುವ ಎತ್ತರ ಹತ್ತಿರ ಹತ್ತಿರ ಎರಡರಷ್ಟಿರುತ್ತದೆ. ಇದನ್ನು ತಿಳಿಯದೆ ಎರಡು ಇಂಚಿನ ಬಿಲ್ಲೆಯನ್ನೇ ಕೂರಿಸುವವರಿದ್ದಾರೆ. ಸವಾರಿಯ ಗುಣ ಬದಲಾಗುವುದಿಲ್ಲ, ಖರ್ಚು ಕಡಿಮೆ, ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ. ಆದ್ದರಿಂದಲೇ ಅದು ಆಕರ್ಷಕ. ತೊಂದರೆ ಇರುವುದು ಚಕ್ರ ಗುಂಡಿಯೊಳಗೆ ಪೂರ್ತಿ ಇಳಿದು ಜೋತುಬಿದ್ದಾಗ. ಶಾಕ್ ಅಬ್ಸಾರ್ಬರ್ ತಾನೇ ಒಂದು ಅಂಕೆ; ಚಕ್ರ ಇನ್ನೂ ಕೆಳಗೆ ಇಳಿಯದಂತೆ ಹಿಡಿಯುವುದು ಅದೇ. ಅದರ ನೆತ್ತಿಗೆ ಬಿಲ್ಲೆ ಇಟ್ಟೊಡನೆ ಆ ಅಂಕೆಯೂ ಅಷ್ಟೇ ಕೆಳಗೆ ಸರಿಯುತ್ತದೆ. ಪರಿಣಾಮವಾಗಿ ತೋಳಿನ ತುದಿಯ ಬಾಲ್ ಜಾಯಿಂಟ್, ಆಕ್ಸಲ್‌ನ ಸಿ.ವಿ. ಜಾಯಿಂಟ್ (ಚಕ್ರಕ್ಕೆ ಶಕ್ತಿ ಮುಟ್ಟಿಸುವ ಬಾಗುವ ಕೀಲು) ಮತ್ತು ಬ್ರೇಕ್ ಹೋಸ್, ತಯಾರಕರು ಎಣಿಸಿರದ ಕೋನಕ್ಕೆ ಎಳೆಯಲ್ಪಡುತ್ತವೆ, ಮೇಲಿನ ತೋಳು ಸ್ಪ್ರಿಂಗಿನ ಸುರುಳಿಗೆ ಬಡಿಯುತ್ತದೆ.

ನಾನು 30 ಮಿ.ಮೀ. ಬಿಲ್ಲೆ ಹಾಕಿಸಿದ್ದೆ, ಮುಂಭಾಗ 55 ಮಿ.ಮೀ. ಏರಿತು. ಹಾಕಿಕೊಟ್ಟ ಗ್ಯಾರೇಜಿನವರು ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಅಗತ್ಯವಿಲ್ಲ ಎಂದರು, ನಾನೂ ನಂಬಿದೆ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಎಡಭಾಗದ ಸಿ.ವಿ. ಜಾಯಿಂಟಿನ ರಬ್ಬರ್ ಬೂಟು ಹರಿದು, ಗ್ರೀಸ್ ಹೊರಬಂದು, ಅದರ ಜಾಗದಲ್ಲಿ ಕೆಂಪು ಮಣ್ಣು ತುಂಬಿಕೊಂಡಿತ್ತು. ಮುಂದಿನ ಟೈರುಗಳ ಒಂದು ಅಂಚು ಬ್ಲೇಡಿನಂತೆ ಸವೆದಿತ್ತು. ಆಕ್ಸಲ್ ಮತ್ತು ಎರಡು ಟೈರುಗಳಿಗೆ ತೆತ್ತ ಹಣದ ಜೊತೆಗೆ ಬಿಲ್ಲೆಯ ಖರ್ಚನ್ನೂ ಸೇರಿಸಿದರೆ, ಮೊದಲೇ ಸರಿಯಾದ ಸ್ಪ್ರಿಂಗ್ ಹಾಕಿಸಬಹುದಾಗಿತ್ತು.

ಸ್ಪ್ರಿಂಗ್ ಬದಲಾಯಿಸುವ ಮಾರ್ಗದಲ್ಲಿ ಆಯ್ಕೆ ನಿಂತಿರುವುದು ಎತ್ತರದ ಮೇಲಲ್ಲ, ಭಾರದ ಮೇಲೆ. ಆಸ್ಟ್ರೇಲಿಯದ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಡಾಬಿನ್ಸನ್ಸ್ ಮುಂತಾದವರು ಒಂದೇ ಗಾಡಿಗೆ ಹಲವು ದರ್ಜೆಯ ಸ್ಪ್ರಿಂಗುಗಳನ್ನು ಮಾಡುತ್ತಾರೆ: ಮುಂದೆ ಏನನ್ನೂ ಸೇರಿಸದ ಗಾಡಿಗೆ ಒಂದು, ಉಕ್ಕಿನ ಬಂಪರ್ ಮತ್ತು ವಿಂಚ್ ಹೊತ್ತ ಗಾಡಿಗೆ ಇನ್ನೊಂದು, ಹಿಂದೆ ಖಾಲಿ ಓಡುವ ಗಾಡಿಗೆ ಒಂದು, ಸದಾ ಮುನ್ನೂರು ಕಿಲೋ ಹೊರುವ ಗಾಡಿಗೆ ಮತ್ತೊಂದು. ಭಾರದ ದರ್ಜೆಯ ಸ್ಪ್ರಿಂಗನ್ನು ಹಗುರ ಗಾಡಿಗೆ ಹಾಕಿದರೆ ಎತ್ತರ ಲೆಕ್ಕಕ್ಕಿಂತ ಹೆಚ್ಚಾಗುತ್ತದೆ, ಚಕ್ರ ಕೆಳಗಿಳಿಯಲು ಉಳಿಯುವ ಅವಕಾಶ ಕಡಿಮೆಯಾಗಿ ಪ್ರತಿ ಗುಂಡಿಯಲ್ಲೂ ಶಾಕ್ ಅಬ್ಸಾರ್ಬರ್ ತನ್ನ ಕೊನೆಗೆ ತಲುಪಿ ಟಕ್ ಎಂದು ಹೊಡೆಯುತ್ತದೆ. ಆದ್ದರಿಂದ ಆರ್ಡರ್ ಕೊಡುವ ಮೊದಲು ಗಾಡಿಯನ್ನು ವೇ ಬ್ರಿಡ್ಜ್‌ಗೆ ಒಯ್ದು ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆಯಾಗಿ ತೂಗಿಸಿ. ದಿನನಿತ್ಯ ಹೊರುವ ಸಾಮಾನು, ತುಂಬಿದ ಡೀಸೆಲ್ ಟ್ಯಾಂಕ್ ಮತ್ತು ಹಿಂಬದಿಯ ಮುಚ್ಚಳವಾದ ಕ್ಯಾನೊಪಿ ಇದ್ದರೆ ಅದೂ ಸೇರಿಯೇ ತೂಗಬೇಕು.

ಹಿಂಭಾಗದ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು) ವಿಷಯದಲ್ಲಿ ತೋಟಗಾರರಾದ ನಾವು ಒಂದು ತಪ್ಪನ್ನು ಮಾಡುವುದು ಸಾಮಾನ್ಯ. ಕೊಯ್ಲಿನ ದಿನಗಳಲ್ಲಿ 50 ಕೆ.ಜಿ.ಯ ಚೀಲಗಳನ್ನು ಕಣಕ್ಕೆ ಸಾಗಿಸುವ ಚಿತ್ರ ಮನಸ್ಸಿನಲ್ಲಿರುವುದರಿಂದ ಗಟ್ಟಿಯಾದ ಪಟ್ಟಿಗಳನ್ನು ಹಾಕಿಸುತ್ತೇವೆ. ಉಳಿದ ಒಂಬತ್ತು ತಿಂಗಳು ಖಾಲಿ ಗಾಡಿಯಲ್ಲಿ ಎತ್ತಿನಗಾಡಿಯ ಸವಾರಿ ಮಾಡುತ್ತೇವೆ. ವರ್ಷದ ಹೆಚ್ಚಿನ ದಿನ ಗಾಡಿ ಹೇಗೆ ಓಡುತ್ತದೆಯೋ ಅದಕ್ಕೆ ತಕ್ಕ ಪಟ್ಟಿ ಆರಿಸಿ, ಕೊಯ್ಲಿನಲ್ಲಿ ನಾಲ್ಕು ಚೀಲ ಕಡಿಮೆ ಹೇರಿ ಒಂದು ಸುತ್ತು ಹೆಚ್ಚು ಹೊಡೆಯುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಹಳೆಯ ಕಟ್ಟಿಗೆ ಒಂದು ಪಟ್ಟಿ ಸೇರಿಸುವುದು ಅಗ್ಗದ ದಾರಿ. ಗಾಡಿ ಏರುತ್ತದೆ, ಹಾಗೆಯೇ ಒರಟೂ ಆಗುತ್ತದೆ. ಉದ್ದದ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿದರೆ ಅದರ ಹೆಚ್ಚುವರಿ ಉದ್ದದ ಸುಮಾರು ಅರ್ಧದಷ್ಟು ಎತ್ತರ ಮಾತ್ರ ಸಿಗುತ್ತದೆ, ಜೊತೆಗೆ ಆಕ್ಸಲ್ ತಿರುಚಿಕೊಂಡು ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಕೋನ ಬದಲಾಗುತ್ತದೆ. ಪಟ್ಟಿಗೂ ಆಕ್ಸಲ್‌ಗೂ ನಡುವೆ ಬ್ಲಾಕ್ ಇಡುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಲೀಫ್ ಸ್ಪ್ರಿಂಗ್ ಜೊತೆ ಏರ್ ಬ್ಯಾಗ್ ಸೇರಿಸುವುದರ ಬಗ್ಗೆಯೂ ಎಚ್ಚರವಿರಲಿ: ಲೀಫ್ ಸ್ಪ್ರಿಂಗ್ ತನ್ನ ಎರಡು ತುದಿಗಳಲ್ಲಿ ಚಾಸಿಗೆ ಭಾರ ಹಂಚಿದರೆ, ಏರ್ ಬ್ಯಾಗ್ ಅದನ್ನು ನಡುವಿನ ಒಂದೇ ಬಿಂದುವಿನಲ್ಲಿ ಒತ್ತುತ್ತದೆ, ಮಿತಿಮೀರಿ ಹೇರಿದ ಡಬಲ್ ಕ್ಯಾಬ್ ಪಿಕಪ್‌ಗಳ ಚಾಸಿ ಅಲ್ಲಿಯೇ ಬಾಗಿದ ಉದಾಹರಣೆಗಳಿವೆ. ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್ ಇರುವುದರಿಂದ, ಹಿಂಭಾಗ ಏರಿದ ಮೇಲೆ ಹೊರಡುವಾಗ ಗಾಡಿ ನಡುಗಿದರೆ ನಡುವಿನ ಬೇರಿಂಗ್‌ನ ಮಟ್ಟವನ್ನು ಸರಿಪಡಿಸಬೇಕಾಗುತ್ತದೆ.

ನಾಲ್ಕು ಇಂಚು ಏಕೆ ಬೇಡ ಎಂದರೆ, ಮುಂಭಾಗ ಸ್ವತಂತ್ರ ಸಸ್ಪೆನ್ಷನ್ ಆಗಿರುವಾಗ ಅಷ್ಟು ಏರಿಸಲು ಡಿಫರೆನ್ಷಿಯಲನ್ನೂ ತೋಳುಗಳ ಬುಡವನ್ನೂ ಬ್ರಾಕೆಟ್ ಹಾಕಿ ಕೆಳಗಿಳಿಸಬೇಕು. ಎತ್ತಿದ ಲಾಭದ ಒಂದು ಪಾಲು ಅಲ್ಲಿಯೇ ಕಳೆದುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ ಗಾಡಿಯ ಗುರುತ್ವ ಕೇಂದ್ರ ಮೇಲೇರುತ್ತದೆ. ನೀವು ವಾರಕ್ಕೊಮ್ಮೆಯಾದರೂ ಶಿರಾಡಿ ಘಾಟಿ ಇಳಿಯುವವರು. ಹೇರಿದ ಪಿಕಪ್ ತಿರುವಿನಲ್ಲಿ ಓಲುವುದು ಹೇಗಿರುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ.

ಕಾನೂನಿನ ಅಂಶವನ್ನು ಅಂಗಡಿಯವರು ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿಯೇ ವ್ಯಾಖ್ಯಾನಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ದಂಡಕ್ಕಿಂತ ನನಗೆ ಹೆಚ್ಚು ಅಂಜಿಕೆ ಇರುವುದು ಅಪಘಾತವಾದ ಮೇಲೆ ವಿಮೆಯವರು ಎತ್ತಬಹುದಾದ ತಕರಾರಿನ ಬಗ್ಗೆ. ಆದ್ದರಿಂದ ಹಣ ಕೊಡುವ ಮೊದಲೇ ಆರ್‌ಟಿಒ ಕಚೇರಿಗೂ ವಿಮಾ ಕಂಪನಿಗೂ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಅವರು ಒಪ್ಪದಿದ್ದರೆ ಫುಟ್‌ಬೋರ್ಡ್ ತೆಗೆದು, ಹಲ್ಲು ಚೆನ್ನಾಗಿರುವ ಟೈರು ಹಾಕಿ, ದಾರಿಯ ಎರಡು ಕೊರಕಲುಗಳಿಗೆ ಜಲ್ಲಿ ತುಂಬಿಸುವುದು ಒಳ್ಳೆಯದು. ಅದರ ಖರ್ಚು ಕಿಟ್‌ಗಿಂತ ಕಡಿಮೆಯೇ.

ಒಪ್ಪಿದರೆ, ಹಾಕಿಸುವ ದಿನ ನೀವೇ ಎದುರಿಗೆ ನಿಂತಿರಿ. ಬಿಚ್ಚುವ ಮೊದಲು ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳತೆ ತೆಗೆದು ಬರೆದಿಡಿ. ತೋಳುಗಳ ಮತ್ತು ಲೀಫ್ ಪಟ್ಟಿಗಳ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟ್‌ಗಳನ್ನು ಗಾಡಿ ಜ್ಯಾಕ್ ಮೇಲೆ ಇರುವಾಗ ಪೂರ್ತಿ ಬಿಗಿಯಬಾರದು. ಚಕ್ರಗಳು ನೆಲಕ್ಕೆ ಕೂತು ಭಾರ ಬಿದ್ದ ಮೇಲೆಯೇ ಬಿಗಿಯಬೇಕು, ಇಲ್ಲವಾದರೆ ಬುಷ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳು ಹೊಸವೇ ಆಗಿರಲಿ, ಹಳೆಯವನ್ನು ಮತ್ತೆ ಹಾಕಲು ಬಿಡಬೇಡಿ. ಮುಂಭಾಗ ಏರಿದಾಗ ಕ್ಯಾಸ್ಟರ್ ಕೋನ, ಅಂದರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ, ಕಡಿಮೆಯಾಗಿ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಮಂಕಾಗುತ್ತದೆ. ಆದ್ದರಿಂದ ಅದೇ ದಿನ ಅಲೈನ್‌ಮೆಂಟ್ ಮಾಡಿಸಿ ಅಳತೆಯ ಚೀಟಿ ಕೇಳಿ. ಕ್ಯಾಸ್ಟರ್ ಮಿತಿಯೊಳಗೆ ಬರದಿದ್ದರೆ ಬದಲಿ ಮೇಲ್ತೋಳು ಹಾಕಿಸಬೇಕು, ಅಥವಾ ಎತ್ತರವನ್ನೇ ತುಸು ಇಳಿಸಬೇಕು. ಹೆಡ್‌ಲೈಟನ್ನೂ ಕೆಳಗೆ ಹೊಂದಿಸಿ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸಿ, ಫೆಂಡರ್ ಅಳತೆಯನ್ನೂ ಮತ್ತೆ ತೆಗೆದುಕೊಳ್ಳಿ. ಹೊಸ ಸ್ಪ್ರಿಂಗುಗಳು ಅಷ್ಟರಲ್ಲಿ ಕೆಲವು ಮಿಲಿಮೀಟರ್ ಕುಸಿದು ನೆಲೆಗೊಂಡಿರುತ್ತವೆ, ನಿಮಗೆ ನಿಜವಾಗಿ ಸಿಕ್ಕ ಎತ್ತರ ಆಗ ತಿಳಿಯುತ್ತದೆ.