ಹೆಲ್ಮೆಟ್, ಗ್ಯಾಸ್ ಎಂದರೆ ಮುಖ ಸಿಂಡರಿಸುವ ಮಕ್ಕಳಿಗೆ ಸುರಕ್ಷತೆಯ ಅಭ್ಯಾಸವನ್ನು ಆಟವಾಗಿಸುವುದು ಹೇಗೆ?

ಉಪದೇಶ ನಿಲ್ಲಿಸಿ, ಅಧಿಕಾರವನ್ನು ಅವರ ಕೈಗೆ ಕೊಡಿ. ಜಯನಗರದ ನಮ್ಮ ಮನೆಯಲ್ಲಿ ಆರು ವರ್ಷದ ಮಗಳೇ ಇನ್‌ಸ್ಪೆಕ್ಟರ್. ಸ್ಕೂಟರ್ ಹೊರಡುವ ಮುನ್ನ ನನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಅವಳು ಎಳೆದು ನೋಡಬೇಕು. ಗದ್ದದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗವಿದ್ದರೆ ಗಾಡಿ ಕದಲುವಂತಿಲ್ಲ. ಅಪ್ಪನ ತಪ್ಪು ಹಿಡಿಯುವ ಸುಖ ಯಾವ ಚಾಕೊಲೇಟಿನಲ್ಲೂ ಇಲ್ಲ. (ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಕಾನೂನಿನಂತೆ ಹೆಲ್ಮೆಟ್ ಕಡ್ಡಾಯ ಎಂಬುದನ್ನು ನಮ್ಮ ರಸ್ತೆಯ ಎಷ್ಟೋ ಪೋಷಕರು ಮರೆತೇಬಿಟ್ಟಿದ್ದಾರೆ.)

ರಾತ್ರಿ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆರಿಸಿದೆಯೇ ಎಂದು ವಿಚಾರಿಸುವುದೂ ಅವಳ ಉಸ್ತುವಾರಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ಮಡುಗಟ್ಟುತ್ತದೆ, ಆ ಕೆಟ್ಟ ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ ಎಂದು ಕಥೆಯಂತೆ ಹೇಳಿದ್ದೆ. 'ವಾಸನೆ ಬಂದರೆ ಏನನ್ನು ಮುಟ್ಟಬಾರದು?' ಎಂಬುದು ಊಟದ ಹೊತ್ತಿನ ಒಗಟು. ಉತ್ತರ: ಸ್ವಿಚ್. ಕಿಟಕಿ ತೆರೆದು, ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು. ತುರ್ತು ಸಂಖ್ಯೆ 112 ಮಗ್ಗಿಯ ರಾಗದಲ್ಲೇ ಬಾಯಿಪಾಠವಾಯಿತು.

ಅಂಕ, ನಕ್ಷತ್ರಗಳ ಚಾರ್ಟು ಮಾತ್ರ ಬೇಡ. ನಮ್ಮದು ಎರಡೇ ವಾರಕ್ಕೆ ಫ್ರಿಜ್ಜಿನ ಹಿಂದೆ ಬಿದ್ದುಹೋಯಿತು, ಯಾರೂ ಹುಡುಕಲಿಲ್ಲ.