‘ತಡ ಆಯ್ತು’ ಅಂತ ಹೇಳೋಕೆ ಒಂದು ಬಾಟ್

ಆಕೆ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದು ಕೂತ ಹತ್ತು ನಿಮಿಷದಲ್ಲಿ ಕೈಯಲ್ಲಿದ್ದ ಫೋನು 17 ಸಲ ಗುರ್ ಎಂದಿತು. ನಾನು ಎಣಿಸುತ್ತಿದ್ದೆ.

“ಸೈಲೆಂಟ್ ಮಾಡಿಬಿಡಿ,” ಅಂದೆ.

“ಮಾಡಬಹುದು ಮೇಡಂ. ಮಾಡಿದ್ರೆ ಇನ್ನೂ ಭಯ ಆಗುತ್ತೆ.”

ವಯಸ್ಸು 36. ಬೆಂಗಳೂರಿನ ಒಂದು ಸಣ್ಣ ವಿಡಿಯೊ ಕಂಪನಿಯಲ್ಲಿ ಪೋಸ್ಟ್ ಪ್ರೊಡಕ್ಷನ್, ಅಂದರೆ ಶೂಟಿಂಗ್ ಆದ ಮೇಲಿನ ಎಡಿಟಿಂಗ್ ಕೆಲಸ, ನೋಡಿಕೊಳ್ಳುತ್ತಾರೆ. ಹನ್ನೊಂದು ಜನರ ತಂಡ. ಬ್ರ್ಯಾಂಡ್‌ಗಳಿಗೆ ಕನ್ನಡ ರೀಲ್ಸ್, ಯೂಟ್ಯೂಬ್ ವಿಡಿಯೊ, ಹಬ್ಬ ಬಂದರೆ ಶುಭಾಶಯದ ವಿಡಿಯೊ. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ.

ತಂದ ದೂರು ನಿದ್ದೆಯದು. ರಾತ್ರಿ ಎರಡು ಗಂಟೆಗೆ ಎಚ್ಚರ. ಎದ್ದು ಫೋನ್ ನೋಡಿದರೆ ಆಮೇಲೆ ನಿದ್ದೆ ಇಲ್ಲ. ಊಟ ಸೇರುತ್ತಿದೆಯೇ, ಬದುಕೇ ಬೇಡ ಅನ್ನಿಸಿದ್ದಿದೆಯೇ ಎಂದೆಲ್ಲ ಕೇಳಿದೆ. ಹಾಗೇನೂ ಇರಲಿಲ್ಲ. (ನಿಮಗೆ ಅಂಥ ಯೋಚನೆ ಬರುತ್ತಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.) ಹಾಗಾಗಿ ಮೊದಲ ಎರಡು ಭೇಟಿ ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಸಂಜೆ ಮೇಲೆ ಕಾಫಿ ಬೇಡ, ಫೋನು ಹಾಲ್‌ನಲ್ಲಿ ಇಡಿ, ಉಸಿರಾಟದ ಅಭ್ಯಾಸ ಮಾಡಿ. ಯಾವುದೂ ಕೆಲಸ ಮಾಡಲಿಲ್ಲ. ಆ ಎರಡು ಭೇಟಿ ದಂಡ ಆಯಿತು. ತಪ್ಪು ನನ್ನದು. ಯಾಕೆ ಎಚ್ಚರ ಆಗುತ್ತೆ ಅಂತ ಕೇಳಿದ್ದೆ. ಎಚ್ಚರ ಆದ ಮೇಲೆ ಫೋನಲ್ಲಿ ಏನು ನೋಡ್ತೀರಿ ಅಂತ ಕೇಳಿರಲಿಲ್ಲ.

ಮೂರನೇ ಸಲ ಕೇಳಿದೆ. ಅವರು ನೋಡುತ್ತಿದ್ದದ್ದು ತಾವೇ ಕಟ್ಟಿದ ಆಟೊಮೇಷನ್ ಸರಿಯಾಗಿ ಓಡುತ್ತಿದೆಯಾ ಅಂತ.

ವರ್ಷದ ಹಿಂದೆ ಅವರ ಆಫೀಸಲ್ಲಿ ಎಲ್ಲವೂ ವಾಟ್ಸ್ಆಪ್ ಮೇಲೆ ನಡೆಯುತ್ತಿತ್ತಂತೆ. ಕ್ಲೈಂಟ್ ಕರೆಕ್ಷನ್ ಒಂದು ಗ್ರೂಪಲ್ಲಿ, ರಷಸ್ (ಶೂಟ್ ಮಾಡಿದ ಹಸಿ ವಿಡಿಯೊ) ಲಿಂಕ್ ಇನ್ನೊಂದರಲ್ಲಿ. ಫೈಲಿನ ಹೆಸರು ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’. ಆಕೆ ಜಾಣೆ. ಒಂದು ತಿಂಗಳು ರಾತ್ರಿ ಕೂತು ಎಲ್ಲವನ್ನೂ ಜೋಡಿಸಿದರು. ಕ್ಲೈಂಟ್ ಗೂಗಲ್ ಫಾರ್ಮ್ ತುಂಬಿದರೆ ಶೀಟ್‌ನಲ್ಲಿ ಒಂದು ಸಾಲು ಬರುತ್ತದೆ. ಅಲ್ಲಿಂದ ಕೆಲಸಗಳ ಪಟ್ಟಿ ಇಡುವ ಟ್ರೆಲ್ಲೊ ಆ್ಯಪ್‌ನಲ್ಲಿ ಕಾರ್ಡು, ಡ್ರೈವ್‌ನಲ್ಲಿ ಫೋಲ್ಡರು, ಎಡಿಟರ್‌ಗೆ ಸಂದೇಶ. ಶೀಟ್‌ನ ಸಾಲುಗಳು ನೇರವಾಗಿ ಗ್ರಾಫಿಕ್ಸ್ ಟೆಂಪ್ಲೇಟ್‌ಗೆ ಹೋಗಿ ರೆಂಡರ್ ಆಗುತ್ತವೆ, ಅಂದರೆ ಸಿದ್ಧ ವಿಡಿಯೊ ಆಗಿ ಹೊರಬರುತ್ತವೆ. ಕ್ಲೈಂಟ್ 48 ಗಂಟೆ ಉತ್ತರ ಕೊಡದಿದ್ದರೆ ಒಪ್ಪಿಗೆ ಇದೆ ಅಂತಲೇ ಲೆಕ್ಕ, ವಿಡಿಯೊ ಶೆಡ್ಯೂಲ್ ಆಗಿಬಿಡುತ್ತದೆ, ಹಾಕಿದ ತಾರೀಖಿಗೆ ತಾನಾಗಿಯೇ ಹೋಗುತ್ತದೆ.

ಕೇಳೋಕೆ ಎಷ್ಟು ಚೆನ್ನಾಗಿದೆ, ಅಲ್ವಾ? ನನಗೂ ಹಾಗೇ ಅನ್ನಿಸಿತು.

ಮೊದಲ ಪೆಟ್ಟು ತಾರೀಖಿನಿಂದ ಬಿತ್ತು. ಪರಿಸರ ದಿನದ ವಿಡಿಯೊಗೆ ಯಾರೋ 05/06 ಅಂತ ಹಾಕಿದ್ದರು. ಶೀಟ್‌ನ ಸೆಟ್ಟಿಂಗ್ ಅಮೆರಿಕದ್ದು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜೂನ್ 5ರ ವಿಡಿಯೊ ಮೇ 6ಕ್ಕೇ ಹೋಯಿತು. “ಈ ವರ್ಷ ಪರಿಸರ ದಿನ ಒಂದು ತಿಂಗಳು ಮುಂಚೆ ಬಂತಾ?” ಅಂತ ಕ್ಲೈಂಟ್ ಫೋನ್ ಮಾಡಿದರಂತೆ. ತಪ್ಪು ಹುಡುಕುವುದು ಕಷ್ಟವಾಗಿದ್ದಕ್ಕೆ ಕಾರಣವಿದೆ. 12ನೇ ತಾರೀಖಿನವರೆಗೆ ದಿನ, ತಿಂಗಳು ಅದಲುಬದಲಾಗುತ್ತಿದ್ದವು. 13ರಿಂದ ಆಚೆಗೆ ಶೀಟ್ ಅದನ್ನು ತಾರೀಖು ಎಂದೇ ಒಪ್ಪುತ್ತಿರಲಿಲ್ಲ, ಯಾಕೆಂದರೆ 13ನೇ ತಿಂಗಳಿಲ್ಲ. ಆ ವಿಡಿಯೊಗಳು ಹೋಗುತ್ತಲೇ ಇರಲಿಲ್ಲ. ಕೆಲವು ಮೊದಲೇ ಹೋದವು, ಕೆಲವು ಹೋಗಲಿಲ್ಲ, 06/06ರಂಥವು ಸರಿಯಾಗಿ ಹೋದವು. ತಂಡಕ್ಕೆ ಇದು ದೆವ್ವದ ಕಾಟದ ಹಾಗೆ ಕಂಡಿತು.

ಎರಡನೆಯದು ಒತ್ತಕ್ಷರದ್ದು. ಸಂಕ್ರಾಂತಿಗೆ 12 ರೀಲ್ಸ್ ಒಂದೇ ಟೆಂಪ್ಲೇಟಿನಿಂದ ರೆಂಡರ್ ಆದವು. ಹನ್ನೆರಡರಲ್ಲೂ ‘ಸಂಕ್‌ರಾಂತಿ’. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ನಮ್ಮ ಲಿಪಿ ಸರಿಯಾಗಿ ಬರಬೇಕಾದರೆ ‘ಸೌತ್ ಏಷ್ಯನ್’ ಎಂಬ ಆಯ್ಕೆ ಹಾಕಿರಬೇಕು. ರೆಂಡರ್‌ಗೆಂದು ತಂದ ಹೊಸ ಮೆಷೀನಿನಲ್ಲಿ ಹಾಕಿರಲಿಲ್ಲ.

“ಮೊದಲು ಇಂಥದ್ದು ಆಗುತ್ತಿರಲಿಲ್ಲವಾ?” ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಣ್ಣ ನೋಡ್ತಿದ್ರು,” ಅಂದರು.

ಅಣ್ಣ ಅಂದರೆ ಅಲ್ಲಿನ ಹಿರಿಯ ಎಡಿಟರ್. ತೀರ್ಥಹಳ್ಳಿ ಕಡೆಯವರು. ಒತ್ತಕ್ಷರ ಒಡೆದರೆ ಸರಿಮಾಡುತ್ತಿದ್ದರು. ಸ್ಕ್ರಿಪ್ಟ್ ಬರೆಯುವವರು ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸಿ, ಅದು ಬೇರೆ ಕಡೆ ಅಂಟಿಸಿದರೆ ಕಾಗೆ ಗುಬ್ಬಿ ಕಾಲಿನ ಹಾಗೆ ಬಂದಾಗ, ಸುಮ್ನೆ ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಿಸಿಕೊಳ್ಳುತ್ತಿದ್ದರು. ಕ್ಲೈಂಟ್ ‘ಓಕೆ’ ಅಂದರೂ ದನಿಯಲ್ಲಿ ಅನುಮಾನ ಇದ್ದರೆ ಮತ್ತೊಂದು ಸಲ ಫೋನ್ ಮಾಡುತ್ತಿದ್ದರು. ಇದ್ಯಾವುದೂ ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಆಕೆ ಆಟೊಮೇಷನ್ ಕಟ್ಟಿದ್ದು ಪಟ್ಟಿ ನೋಡಿಕೊಂಡು. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಬಿದ್ದುಹೋಯಿತು.

ಈ ಒಂದು ತಪ್ಪನ್ನು ನಾನು ಆಮೇಲೆ ಬೇರೆ ಇಬ್ಬರ ಮಾತಿನಲ್ಲೂ ಕೇಳಿದ್ದೇನೆ, ಇಬ್ಬರೂ ಇದೇ ಲೈನಿನವರು. ಕೆಲಸ ಹೇಗೆ ನಡೆಯಬೇಕು ಅಂತ ಗೊತ್ತಿರುತ್ತದೆ, ಹೇಗೆ ನಡೆಯುತ್ತಿದೆ ಅಂತ ಪಕ್ಕದಲ್ಲಿ ಕೂತು ನೋಡಿರುವುದಿಲ್ಲ.

“ಈಗ ಅಣ್ಣ ನೋಡಲ್ವಾ?”

“ಈಗ ನನ್ನ ಜೊತೆ ಮಾತಾಡಲ್ಲ ಮೇಡಂ.”

ಅಳು ಬಂದಿದ್ದು ಅಲ್ಲಿ. ನಿದ್ದೆಯ ಮಾತು ಹೇಳುವಾಗ ಬಂದಿರಲಿಲ್ಲ.

ಆಗಿದ್ದು ಇಷ್ಟು. ಕೆಲಸ ತಡವಾದರೆ ಬಾಟ್ (ತಾನಾಗಿಯೇ ಸಂದೇಶ ಕಳಿಸುವ ಪ್ರೋಗ್ರಾಮ್) ಆಫೀಸಿನ ಗ್ರೂಪ್‌ನಲ್ಲಿ ಕೆಂಪು ಗುರುತಿನ ಸಂದೇಶ ಹಾಕುತ್ತಿತ್ತು, ಹೆಸರು ಸಮೇತ. ಅಣ್ಣ ಊರ ಜಾತ್ರೆಗೆ ಎರಡು ದಿನ ರಜೆ ಕೇಳಿದ್ದರು. ಕೇಳಿದ್ದು ಬಾಯಿಮಾತಿನಲ್ಲಿ, ಟೀ ಕುಡಿಯುವಾಗ. ಆಕೆ “ಹೋಗ್ಬನ್ನಿ ಅಣ್ಣ” ಅಂದಿದ್ದರು. ಅದು ಶೀಟ್‌ಗೆ ಗೊತ್ತಿಲ್ಲ. ರಾತ್ರಿ 11 ಗಂಟೆ 20 ನಿಮಿಷಕ್ಕೆ, ಹೋದ ತಿಂಗಳಷ್ಟೇ ಸೇರಿದ ಹುಡುಗರೂ ಇದ್ದ ಗ್ರೂಪಿನಲ್ಲಿ, ಹದಿನಾಲ್ಕು ವರ್ಷ ಕೆಲಸ ಮಾಡಿದವರ ಹೆಸರಿನ ಮುಂದೆ ಕೆಂಪು ಗುರುತು ಬಂತು. ಮರುದಿನವೂ ಬಂತು.

ತಡದ ಸಂದೇಶಕ್ಕೆ ಬಾಟ್ ಯಾಕೆ ಇಟ್ಟಿರಿ ಅಂತ ಕೇಳಿದೆ. ಸಮಯ ಉಳಿಯುತ್ತೆ ಅಂದರು. ಹನ್ನೊಂದು ಜನರ ಆಫೀಸಲ್ಲಿ ದಿನಕ್ಕೆ ಎಷ್ಟು ಸಲ ‘ತಡ ಆಯ್ತು’ ಅಂತ ಹೇಳಬೇಕಾಗುತ್ತೆ? ಎರಡು ಸಲ, ಜಾಸ್ತಿ ಅಂದ್ರೆ ಮೂರು. ಉಳಿಯೋದು ಎಷ್ಟು ಸಮಯ? ನಾನು ಕಾದೆ.

“ಎಡಿಟಿಂಗ್ ಟೈಮ್‌ಲೈನ್ ಮೇಲೆ ಕೈ ಇಡೋದು ಕಲಿಸಿದ್ದೇ ಅವರು ಮೇಡಂ. ಈಗ ನಾನು ಹೆಡ್. ಅವರಿಗೆ ತಡ ಮಾಡಿದ್ರಿ ಅಂತ ಯಾವ ಬಾಯಲ್ಲಿ ಹೇಳಲಿ?”

ಹೇಳಲಾಗದ ಮಾತನ್ನು ಮೆಷೀನಿನ ಬಾಯಲ್ಲಿ ಹೇಳಿಸಿದ್ದರು.

ನಿದ್ದೆಯ ಗಂಟು ಇನ್ನೊಂದು ಕಡೆ ಇತ್ತು. 2021ರ ಅಕ್ಟೋಬರ್ 29, ಪುನೀತ್ ರಾಜ್‌ಕುಮಾರ್ ತೀರಿಕೊಂಡ ಶುಕ್ರವಾರ. ಆಗ ಆಕೆ ಬೇರೆ ಕಡೆ ಕೆಲಸದಲ್ಲಿದ್ದರು. ಮುಂದಿನ ವಾರ ದೀಪಾವಳಿ. ಆಫರ್‌ನ ಒಂದು ಕುಣಿತದ ವಿಡಿಯೊ ಸಂಜೆಗೆ ಶೆಡ್ಯೂಲ್ ಆಗಿತ್ತು. ಆಫೀಸಲ್ಲಿ ಎಲ್ಲರೂ ಟಿವಿ ಮುಂದೆ ಕಣ್ಣೀರು ಹಾಕುತ್ತಿದ್ದರು. ಶೆಡ್ಯೂಲ್ ನೆನಪಾದದ್ದು ಅದು ಹೋಗಲು ಅರ್ಧ ಗಂಟೆ ಇರುವಾಗ. ಪಾಸ್‌ವರ್ಡ್ ಇದ್ದ ಹುಡುಗ ಊರಿಗೆ ಹೊರಟ ರೈಲಿನಲ್ಲಿದ್ದ, ಫೋನ್ ಸಿಗಲಿಲ್ಲ. ವಿಡಿಯೊ ಹೋಯಿತು. ಕೆಳಗೆ ಬಂದ ಬೈಗುಳ ಓದುತ್ತಾ ಕೂತವರು ಈಕೆ.

ಅವತ್ತು ಕಲಿತ ಪಾಠ: ಕೀಲಿ ಬೇರೆಯವರ ಕೈಲಿ ಇರಬಾರದು. ಹಾಗಾಗಿ ಹೊಸ ಆಫೀಸಿನ ಆಟೊಮೇಷನ್ ಪೂರ್ತಿ ತಮ್ಮೊಬ್ಬರ ಲಾಗಿನ್‌ನಲ್ಲೇ ಕಟ್ಟಿದರು. ಒಮ್ಮೆ ಪಾಸ್‌ವರ್ಡ್ ಬದಲಿಸಿದಾಗ ಮೇಲ್ ಹೋಗುವ ಭಾಗ ಸದ್ದಿಲ್ಲದೆ ನಿಂತು, ಎರಡು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಅಂದಿನಿಂದ ರಾತ್ರಿ ಏಳುವುದು ಶುರು. ಲೀಸಾನ್ ಬೈನ್‌ಬ್ರಿಜ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞೆ 1983ರಲ್ಲೇ ಇದನ್ನು ಬರೆದಿದ್ದರು. ಸುಲಭದ ಕೆಲಸ ಯಂತ್ರಕ್ಕೆ ಹೋದ ಮೇಲೆ ಮನುಷ್ಯನಿಗೆ ಉಳಿಯುವುದು ಎರಡು: ಯಂತ್ರವನ್ನು ಕಾಯುವುದು, ಯಂತ್ರಕ್ಕೆ ಆಗದ ಕಷ್ಟದ್ದನ್ನು ಮಾಡುವುದು. ನಮ್ಮ ಆಕೆ ಕಾವಲಿಗೆ ಕೂತಿದ್ದರು, ಶಿಫ್ಟ್ ಬದಲಾವಣೆಯೇ ಇಲ್ಲದೆ. ಹದಿನೇಳು ಸಲ ಗುರ್ ಎಂದಿದ್ದು ಅದೇ. ಪ್ರತಿ ಕಾರ್ಡು ಅಲುಗಿದಾಗಲೂ ಒಂದು ಸಂದೇಶ. ಉಳಿದ ಹತ್ತು ಜನ ಆ ಗ್ರೂಪನ್ನು ಯಾವಾಗಲೋ ಮ್ಯೂಟ್ ಮಾಡಿದ್ದರು.

ಆಟೊಮೇಷನ್ ಬಗ್ಗೆ ಸಲಹೆ ಕೊಡುವ ಅರ್ಹತೆ ನನಗಿಲ್ಲ. ಹಾಗಂತ ಹೇಳಿಯೇ ಕೊಟ್ಟೆ.

ಮೊದಲನೆಯದು, ಇವತ್ತೇ ಮಾಡಬೇಕಾದ್ದು: ತಡದ ಸಂದೇಶ ಆಫ್ ಮಾಡಿ. ಸರಿಪಡಿಸೋದು, ಬೇರೆ ಬಣ್ಣ ಹಾಕೋದು ಬೇಡ. ನಿಮಗೆ ಒಬ್ಬರ ಮುಖ ನೋಡಿ ಹೇಳೋಕೆ ಸಂಕೋಚ ಆಗುವ ಮಾತು ಯಾವುದಿದೆಯೋ ಅದನ್ನು ಬಾಟ್‌ಗೆ ಕೊಡಬೇಡಿ. ಫೋಲ್ಡರ್ ಮಾಡುವುದು, ಬ್ಯಾಕಪ್, ಫೈಲಿಗೆ ಒಂದೇ ಥರ ಹೆಸರಿಡುವುದು, ಇವೆಲ್ಲ ಧಾರಾಳವಾಗಿ ಕೊಡಿ. ಅವು ತಪ್ಪಾದರೆ ಯಾರ ಮರ್ಯಾದೆಯೂ ಹೋಗಲ್ಲ. ಜನರ ಮುಂದೆ ಹೋಗುವ ವಿಡಿಯೊ ಮಾತ್ರ ಒಬ್ಬ ಮನುಷ್ಯ ನೋಡಿ ಬಟನ್ ಒತ್ತಿದ ಮೇಲೇ ಹೋಗಲಿ.

ಆಮೇಲೆ ಅಣ್ಣನ ಹತ್ತಿರ ಹೋಗಿ. ಇದಕ್ಕೆ ನಾವು ಒಂದಿಡೀ ಭೇಟಿ ತೆಗೆದುಕೊಂಡೆವು. ಎದುರಿಗೆ ಖಾಲಿ ಕುರ್ಚಿ ಇಟ್ಟು, ಅಣ್ಣ ಕೂತಿದ್ದಾರೆ ಅಂತ ಮಾತಾಡಿಸಿದೆ. ಮೊದಲ ಸಲ ಆಕೆ ಐದು ನಿಮಿಷ ಸಿಸ್ಟಮ್ ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸಿದರು. “ಕ್ಷಮೆ ಎಲ್ಲಿ?” ಅಂದೆ. ಎರಡನೇ ಸಲ ತಪ್ಪು ಬಾಟ್‌ನದು ಆಯಿತು. ನಾಲ್ಕನೇ ಸಲಕ್ಕೆ ಮೂರು ವಾಕ್ಯ ಉಳಿದವು: “ರಜೆ ಕೊಟ್ಟಿದ್ದು ನಾನೇ. ಆ ಮೆಸೇಜ್ ಬರೋ ಹಾಗೆ ಮಾಡಿದ್ದೂ ನಾನೇ. ತಪ್ಪಾಯ್ತು ಅಣ್ಣ.” ಅಷ್ಟು ಸಾಕು, ವಿವರಣೆ ಅವರು ಕೇಳಿದರೆ ಮಾತ್ರ ಅಂದೆ.

ಅವರು ಒಪ್ಪಿದರೆ ಮೂರು ದಿನ ಪಕ್ಕದಲ್ಲಿ ಕೂತು ನೋಡಿ, ಲ್ಯಾಪ್‌ಟಾಪ್ ತೆಗೆಯದೆ, ಒಂದು ನೋಟ್‌ಬುಕ್ ಇಟ್ಟುಕೊಂಡು. ಯಾರೂ ಹೇಳದೆಯೇ ಅವರು ಮಾಡುವ ಕೆಲಸಗಳನ್ನು ಮಾತ್ರ ಬರೆಯಿರಿ.

ಕೀಲಿ ಇನ್ನಿಬ್ಬರಿಗೆ ಕೊಡಿ ಎಂದಾಗ ಆಕೆಯ ಮುಖ ಬಿಳಿಚಿಕೊಂಡಿತು. ಅಪ್ಪು ತೀರಿಕೊಂಡ ದಿನ ಕೀಲಿ ಒಬ್ಬನ ಹತ್ತಿರ ಇತ್ತು, ಈಗಲೂ ಒಬ್ಬರ ಹತ್ತಿರ ಇದೆ, ಹುಡುಗನ ಬದಲು ನೀವು ಅಂದೆ. ಸ್ವಲ್ಪ ಒರಟಾಯಿತೇನೋ. ಕೇಳಿಸಿಕೊಂಡರು. ಆಟೊಮೇಷನ್ ನಿಲ್ಲಿಸುವುದು ಹೇಗೆ ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಟೀ ಮಾಡುವ ಜಾಗದಲ್ಲಿ ಅಂಟಿಸಿ, ತಿಂಗಳಿಗೊಮ್ಮೆ ನೀವಿಲ್ಲದ ದಿನ ಬೇರೆಯವರು ನಿಲ್ಲಿಸಿ ನೋಡಲಿ ಎಂದೆ. ಸಂದೇಶಗಳಲ್ಲಿ ಏನಾದರೂ ಕೆಟ್ಟು ನಿಂತಾಗ ಬರುವುದನ್ನು ಮಾತ್ರ ಇಟ್ಟುಕೊಂಡು ಉಳಿದದ್ದು ತೆಗೆಯಲು ಹೇಳಿದೆ. ತಾರೀಖಿನ ಸೆಟ್ಟಿಂಗ್ ಅವರು ಆಗಲೇ ಭಾರತಕ್ಕೆ ಬದಲಿಸಿದ್ದರು.

ಮೂರು ವಾರ ಬಿಟ್ಟು ಬಂದರು. ಮೂರು ವಾಕ್ಯವನ್ನೂ ಹೇಳಿದರಂತೆ, ಸಂಜೆ ಎಲ್ಲರೂ ಹೋದ ಮೇಲೆ. ಅಣ್ಣ ಹೆಡ್‌ಫೋನ್ ತೆಗೆದು ಕೇಳಿಸಿಕೊಂಡು, ಬಹಳ ಹೊತ್ತು ಮಾನಿಟರ್ ನೋಡುತ್ತಾ ಕೂತಿದ್ದರಂತೆ. ಆಮೇಲೆ, “‘ನಿಮ್ಮ ಕಾರ್ಯವು ಮಿತಿಮೀರಿದೆ’ ಅಂತ ಹಾಕಿದ್ದೆಯಲ್ಲ, ಅದು ಯಾವ ಊರಿನ ಕನ್ನಡ ಮಾರಾಯ್ತಿ?” ಅಂದರಂತೆ.

ನೋಟ್‌ಬುಕ್ ತಂದು ತೋರಿಸಿದರು. ಮೂರು ದಿನಕ್ಕೆ 23 ಸಾಲು. ಒಂದು ಸಾಲು: ‘ಮ್ಯೂಸಿಕ್ ತೆಗೆದು ಒಂದು ಸಲ ಸುಮ್ಮನೆ ನೋಡುತ್ತಾರೆ.’ ಯಾಕೆ ಅಂತ ಕೇಳಿದ್ದಕ್ಕೆ “ಮ್ಯೂಸಿಕ್ ಕೆಟ್ಟ ಕಟ್ ಮುಚ್ಚಿಬಿಡುತ್ತೆ” ಅಂದರಂತೆ.

ಈಗ ಬೆಳಿಗ್ಗೆ ಐದರವರೆಗೆ ನಿದ್ದೆ ಬರುತ್ತಿದೆ. ಮಲಗುವ ಮುಂಚೆ ಒಂದು ಸಲ ಶೆಡ್ಯೂಲ್ ನೋಡುತ್ತಾರೆ, ಅದನ್ನು ನಾನು ಬಿಡಿಸಲು ಹೋಗಿಲ್ಲ. ಕೀಲಿ ಒಬ್ಬರಿಗೆ ಕೊಟ್ಟಿದ್ದಾರೆ, ಎರಡನೆಯವರಿಗೆ ಇನ್ನೂ ಇಲ್ಲ. 48 ಗಂಟೆಯ ನಿಯಮ ಹಾಗೇ ಇದೆ. ಮಾಲೀಕರು ಬಿಡುತ್ತಿಲ್ಲ, ಕ್ಲೈಂಟ್‌ಗಳು ಎಳೆದಾಡುತ್ತಾರೆ ಅಂತ. ಅವರ ಮಾತೂ ಪೂರ್ತಿ ಸುಳ್ಳಲ್ಲ. ಮುಂದಿನ ಭೇಟಿಗೆ ಖಾಲಿ ಕುರ್ಚಿಯಲ್ಲಿ ಮಾಲೀಕರನ್ನು ಕೂರಿಸಬೇಕು.