ಮನೆಯಲ್ಲೇ ವ್ಯಾಯಾಮ ಮಾಡಬಹುದಿತ್ತಲ್ಲ?

ಲಾಕ್‌ಡೌನಿನಲ್ಲಿ ಬೇಕಾದಷ್ಟು ಬಿಡುವಿತ್ತು, ಆದರೂ ವಿಶ್ವವಿದ್ಯಾಲಯದವರ ದೈಹಿಕ ಚಟುವಟಿಕೆ ಅಷ್ಟೊಂದು ಕುಸಿದದ್ದೇಕೆ, ಮನೆಯಲ್ಲೇ ವ್ಯಾಯಾಮ ಮಾಡಬಹುದಿತ್ತಲ್ಲ ಎಂದು ಕೇಳಿದ್ದೀರಿ. ಆಗ ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದೆ.

ನಾನು ವ್ಯಾಯಾಮ ಮಾಡುತ್ತಿದ್ದವಳೇ ಅಲ್ಲ. ಹಾಸ್ಟೆಲಿನಿಂದ ವಿಭಾಗಕ್ಕೆ, ಅಲ್ಲಿಂದ ಗ್ರಂಥಾಲಯಕ್ಕೆ, ಊಟಕ್ಕೆ ಮತ್ತೆ ಹಾಸ್ಟೆಲಿಗೆ. ಸಂಜೆ ಗೆಳತಿಯರು ಕರೆದರೆ ಕುಕ್ಕರಹಳ್ಳಿ ಕೆರೆಯ ಏರಿ. ಮೊಬೈಲು ದಿನಕ್ಕೆ ಎಂಟು ಸಾವಿರ ಹೆಜ್ಜೆ ತೋರಿಸುತ್ತಿತ್ತು. ಅದನ್ನು ನಾನು ನಡಿಗೆಯೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

2020ರ ಮಾರ್ಚ್ 25ರಂದು ಎಲ್ಲವೂ ಬಂದಾಯಿತು. ನಾನು ಚಿಕ್ಕಮ್ಮನ ಮನೆಯಲ್ಲಿದ್ದೆ. ಏಪ್ರಿಲಿನ ಒಂದು ರಾತ್ರಿ ನೋಡಿದರೆ 640 ಹೆಜ್ಜೆ! ಹೆದರಿ, ಮರುದಿನದಿಂದ ತಾರಸಿಯ ಮೇಲೆ ನಡೆಯತೊಡಗಿದೆ. ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ತಂತಿಯವರೆಗೆ ಇಪ್ಪತ್ತೆರಡು ಹೆಜ್ಜೆ, ತಿರುಗಿದರೆ ಮತ್ತೆ ಇಪ್ಪತ್ತೆರಡು. ಹನ್ನೊಂದು ದಿನಕ್ಕೆ ಬೇಸತ್ತು ಬಿಟ್ಟೆ. ಹೋಗಿ ಸೇರುವ ಜಾಗವಿಲ್ಲದ ನಡಿಗೆಯನ್ನು ಕಾಲು ಒಪ್ಪಿದರೂ ಮನಸ್ಸು ಒಪ್ಪುವುದಿಲ್ಲ.

ಇದು ನನ್ನೊಬ್ಬಳ ಸೋಮಾರಿತನವಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 10,000 ಇದ್ದ ಹೆಜ್ಜೆಗಳು 4,600ಕ್ಕೆ ಇಳಿದಿದ್ದವು. ಪರದೆಯ ಮುಂದೆ ಕಳೆಯುವ ಸಮಯ ಎರಡು ಪಟ್ಟಿಗೂ ಹೆಚ್ಚಾಗಿ ಐದು ತಾಸು ದಾಟಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಕೆಲವರನ್ನು ಪ್ರೋತ್ಸಾಹಿಸಿ ಎರಡು ವಾರ ಹೆಚ್ಚು ನಡೆಸಿದರು. ಹೆಜ್ಜೆಗಳೇನೋ ಹೆಚ್ಚಿದವು, ಮನಸ್ಸಿನ ಕುಗ್ಗು ಮಾತ್ರ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ.

ಎಲ್ಲರ ಕಥೆಯೂ ಒಂದೇ ಅಲ್ಲ, ನಿಜ. ಮದ್ದೂರಿನ ಕಡೆಯ ನಮ್ಮ ಕಿರಿಯ ವಿದ್ಯಾರ್ಥಿಯೊಬ್ಬ ಆನ್‌ಲೈನ್ ತರಗತಿಗೆ ಗದ್ದೆಯ ಬದುವಿನಿಂದ ಬರುತ್ತಿದ್ದ. ಸಿಗ್ನಲ್ ಸಿಗುತ್ತಿದ್ದುದು ಅಲ್ಲೇ. ಕಬ್ಬಿಗೆ ನೀರು ಕಟ್ಟಿ ಬಂದವನ ಏದುಸಿರು ನಮಗೆಲ್ಲ ಕೇಳಿಸುತ್ತಿತ್ತು. ಅವನ ಮೈಗೆ ಕೆಲಸ ಹೆಚ್ಚಾಗಿತ್ತು, ಓದು ಹಿಂದೆ ಬಿದ್ದಿತ್ತು. ನಡೆದಾಡುವವರನ್ನು ಮಾತ್ರ ನೋಡಿ ಆರೋಗ್ಯ ಅಳೆಯುವವರು ಇವನನ್ನು ಎಲ್ಲಿ ಸೇರಿಸುತ್ತಾರೆ?

ಆದ್ದರಿಂದ ನನ್ನ ಉತ್ತರ ಇಷ್ಟು: ನಮ್ಮ ವ್ಯಾಯಾಮ ಕ್ಯಾಂಪಸ್ಸಿನ ದಾರಿಗಳಲ್ಲಿ, ಜೊತೆಗಾರರಲ್ಲಿ ಅಡಗಿತ್ತು. ದಾರಿ ಮುಚ್ಚಿದಾಗ ಅದೂ ಹೋಯಿತು. ಇಚ್ಛಾಶಕ್ತಿ ಸಾಲದೆ ಹೋಯಿತು ಎಂದು ಮಕ್ಕಳನ್ನು ದೂರಬೇಡಿ.

ನವೆಂಬರಿನಲ್ಲಿ ಕಾಲೇಜುಗಳು ತೆರೆದ ಮೇಲೆ ಗ್ರಂಥಾಲಯಕ್ಕೆ ಹೋದೆ. ಮೆಟ್ಟಿಲು ಹತ್ತಿ ನಿಂತಾಗ ಮೀನಖಂಡ ನಡುಗುತ್ತಿತ್ತು. ಮೇಲೆ ಗೆಳತಿ ಕಾಯುತ್ತಿದ್ದಳು, ಕೂರದೆ ಇಬ್ಬರೂ ಕೆರೆಯ ಕಡೆ ಹೊರಟೆವು.